ಭಾಗಗಳೆಲ್ಲ ಹಳೆಯವು, ಜೋಡಣೆ ಹೊಸದು: ಪೇಟೆಂಟ್ ಸಿಗುತ್ತದೆಯೇ?

ಪ್ರಶ್ನೆ: ಎತ್ತರ ಹೆಚ್ಚುಕಡಿಮೆ ಮಾಡಬಹುದಾದ, ಸುತ್ತಲೂ ತಿರುಗುವ ಕಂಬವೊಂದನ್ನು ರೂಪಿಸಿದ್ದೇವೆ. 'ಗೊತ್ತಿರುವ ಭಾಗಗಳನ್ನೇ ಜೋಡಿಸಿದ್ದೀರಿ' ಎಂದು ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿದೆ. ಮೇಲ್ಮನವಿ ಹಾಕಿದರೆ ಪ್ರಯೋಜನ ಇದೆಯೇ?

ಇದೆ. ಆದರೆ ಭಾಗಗಳು ಹೊಸವು ಎಂದು ವಾದಿಸಲು ಹೋಗಬೇಡಿ. ಅವು ಹಳೆಯವೇ ಇರಲಿ, ಒಂದರ ಕೆಲಸ ಇನ್ನೊಂದರ ಕೆಲಸವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ತೋರಿಸಬೇಕು.

ಈ ವಿಷಯದಲ್ಲಿ ಇಂದಿಗೂ ಎಲ್ಲರೂ ತೆಗೆದು ನೋಡುವುದು ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಕೊಟ್ಟ ತೀರ್ಪನ್ನು. ಜಗಳ ಮಿರ್ಜಾಪುರದ ಇಬ್ಬರು ಪಾತ್ರೆ ತಯಾರಕರದ್ದು: ಈ ಸಂಸ್ಥೆ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್. ಅಲ್ಲಿ ಹಿತ್ತಾಳೆ ತಟ್ಟೆಗಳನ್ನು ಲೇತಿನ (ವಸ್ತುವನ್ನು ತಿರುಗಿಸುತ್ತ ಕೆರೆಯುವ ಯಂತ್ರ) ತಿರುಗಿಸುವ ತುದಿಯಾದ ಹೆಡ್‌ಸ್ಟಾಕಿಗೆ ಅಂಟಿಸಿಯೋ ಅದರ ಹಿಡಿತದ ದವಡೆಯಾದ ಚಕ್ಕಿನಲ್ಲಿ ಕಚ್ಚಿಸಿಯೋ ಕೆರೆದು ಹೊಳಪು ಕೊಡುತ್ತಿದ್ದರು. ಹಿಂದಿನಿಂದ ಆಧಾರವಿಲ್ಲದ್ದರಿಂದ ತಿರುಗುವಾಗ ತಟ್ಟೆ ಹಾರಿಬಂದು ಕೆಲಸಗಾರನಿಗೆ ಬಡಿಯುವ ಅಪಾಯವಿತ್ತು. ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಟೇಲ್‌ಸ್ಟಾಕಿನ ಕಡೆಯಿಂದ ಸ್ಪಿಂಡಲ್ (ದಂಡ) ಒತ್ತಿ ತಟ್ಟೆಯನ್ನು ಹಿಡಿದಿಡುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು, ವಿಭಾಗೀಯ ಪೀಠ ಉಳಿಸಿತು, ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿತು. ಉಪಯೋಗವಿದೆ, ನಿಜ. ಆದರೆ ನುರಿತ ಕುಶಲಕರ್ಮಿ ಯಾರಾದರೂ ಮಾಡಿಕೊಳ್ಳಬಹುದಾದ ಕಾರ್ಖಾನೆ ಮಟ್ಟದ ಸುಧಾರಣೆ ಅದು ಎಂದಿತು. ಕೆಲಸಗಾರನ ಮೈ ಕಾಯುವ ಸುಧಾರಣೆಗೆ ಬೆಲೆ ಸಿಗಲಿಲ್ಲವಲ್ಲ ಎಂದು ನನಗೆ ಈಗಲೂ ಬೇಸರವಿದೆ. ಆದರೂ ತರ್ಕ ಸರಿಯಾಗಿದೆ.

ಅದೇ ತೀರ್ಪು ನಿಮಗೆ ದಾರಿಯನ್ನೂ ಬಿಟ್ಟಿದೆ: ಹಳೆಯ ಭಾಗಗಳು ಪರಸ್ಪರ ಕೂಡಿ ದುಡಿದು ಹೊಸ ಅಥವಾ ಸುಧಾರಿತ ಫಲ ಕೊಟ್ಟರೆ ಪೇಟೆಂಟ್ ಸಾಧ್ಯ. ಪೇಟೆಂಟ್ ಕಾಯ್ದೆಯ 3(ಎಫ್) ಕಲಂ ತಡೆಯುವುದೂ ತಂತಮ್ಮ ಪಾಡಿಗೆ ಕೆಲಸ ಮಾಡುವ ಭಾಗಗಳ ಬರೀ ಜೋಡಣೆಯನ್ನು. ನಿಮ್ಮ ಕಂಬದಲ್ಲಿ ಎತ್ತರಕ್ಕೊಂದು ಪಿನ್, ತಿರುಗಲಿಕ್ಕೊಂದು ಬೇರಿಂಗ್ ಮಾತ್ರ ಇದ್ದರೆ ಕಷ್ಟ. ಒಂದೇ ಲಿವರ್ ಎತ್ತಿದಾಗ ಎತ್ತರ ಸಡಿಲವಾಗಿ, ಅದೇ ಕ್ಷಣ ತಿರುಗುವಿಕೆ ಬಿಗಿಯಾಗುವಂತಿದ್ದರೆ ವಾದಕ್ಕೆ ಜೀವ ಬರುತ್ತದೆ. ಆದರೆ ಇದು ಮೂಲ ಅರ್ಜಿಯ ವಿವರಣೆಯಲ್ಲೇ ಇರಬೇಕು, ಮೇಲ್ಮನವಿಯಲ್ಲಿ ಹೊಸದಾಗಿ ಸೇರಿಸಲು 59ನೇ ಕಲಂ ಬಿಡುವುದಿಲ್ಲ.

ಪೇಟೆಂಟ್ ಮೇಲ್ಮನವಿಗಳನ್ನು ಕೇಳುತ್ತಿದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಮೇಲೆ ಈ ಪ್ರಕರಣಗಳು ಹೈಕೋರ್ಟಿಗೆ ಹೋಗುತ್ತವೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುವುದರಿಂದ ಸಾಮಾನ್ಯವಾಗಿ ಮದ್ರಾಸ್ ಹೈಕೋರ್ಟಿಗೆ. ಆದೇಶದ ದಿನಾಂಕದಿಂದ 3 ತಿಂಗಳೊಳಗೆ ಸಲ್ಲಿಸಬೇಕು.