ಆಡಿಟ್ ಆಗಿದೆಯಲ್ಲ, ಇನ್ನೇನು ನೋಡ್ತೀಯ?

ಪ್ರಶ್ನೆ: ಹತ್ತು ವರ್ಷದಿಂದ ನಮ್ಮ ಕಾರ್ಖಾನೆಯ ಯೂನಿಯನ್‌ಗೆ ಚಂದಾ ಕಟ್ಟುತ್ತಿದ್ದೇನೆ. ಲೆಕ್ಕದ ಪುಸ್ತಕ ತೋರಿಸಿ ಅಂದರೆ 'ಆಡಿಟ್ ಆಗಿದೆಯಲ್ಲ, ಇನ್ನೇನು ನೋಡ್ತೀಯ?' ಅನ್ನುತ್ತಾರೆ. ಸಾಮಾನ್ಯ ಸದಸ್ಯನಿಗೆ ಪುಸ್ತಕ ನೋಡುವ ಹಕ್ಕು ಇದೆಯಾ?

ಇದೆ. ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಕೊಡುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಖಜಾಂಚಿಯಾಗಿದ್ದವನು ಹೇಳುವ ಮಾತಲ್ಲ, ಗೊತ್ತು.

1926ರ ಕಾರ್ಮಿಕ ಸಂಘಗಳ ಕಾಯ್ದೆಯ 20ನೇ ಕಲಮು ನಾಲ್ಕು ಸಾಲಿಗಿಂತ ಜಾಸ್ತಿ ಇರಲಿಲ್ಲ. ನೋಂದಾಯಿತ ಸಂಘದ ಲೆಕ್ಕದ ಪುಸ್ತಕ ಮತ್ತು ಸದಸ್ಯರ ಪಟ್ಟಿಯನ್ನು ಪದಾಧಿಕಾರಿಯೂ ನೋಡಬಹುದು, ಸದಸ್ಯನೂ ನೋಡಬಹುದು. ಯಾವ ಹೊತ್ತಿನಲ್ಲಿ ಅನ್ನುವುದನ್ನು ಮಾತ್ರ ಬೈಲಾ ಹೇಳಬೇಕು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಈ ಹಕ್ಕು ಅಲ್ಲೂ ಉಳಿದಿದೆ. ಹಾಗಾಗಿ 'ಕಾನೂನು ಬದಲಾಯ್ತು' ಅನ್ನುವ ನೆಪವೂ ನಡೆಯುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ನನಗೆ ತಲೆ ಕೆಡಿಸುವುದು ಆ ಇನ್ನೊಂದು ಮಾತು: 'ಆಡಿಟ್ ಆಗಿದೆಯಲ್ಲ.' ದೇವಸ್ಥಾನದಲ್ಲಿ ಮಂಗಳಾರತಿ ಆಯ್ತು, ಇನ್ನು ಮನೆಗೆ ಹೋಗಿ ಅಂದ ಹಾಗೆ ಹೇಳುತ್ತಾರೆ.

ಆಡಿಟರ್ ಏನು ಮಾಡುತ್ತಾರೆ? ವೋಚರ್ ಇದೆಯಾ, ಅದರ ಮೇಲೆ ಸಹಿ ಇದೆಯಾ, ಕೂಡಿದರೆ ಮೊತ್ತ ಸರಿ ಬರುತ್ತದೆಯಾ, ಬ್ಯಾಂಕಿನ ಪಾಸ್‌ಬುಕ್ಕಿಗೆ ತಾಳೆ ಆಗುತ್ತದೆಯಾ ಅಂತ ನೋಡುತ್ತಾರೆ. ಒಳ್ಳೆಯ ಕೆಲಸ, ಬೇಕೇ ಬೇಕು. ಆದರೆ ಅವರು ಧರಣಿಗೆ ಬಂದಿರಲಿಲ್ಲ, ಅಲ್ವಾ?

ನನ್ನದೇ ಕತೆ ಹೇಳುತ್ತೇನೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸಂಘದಲ್ಲಿ ನಾನು ಖಜಾಂಚಿ. ಮೊದಲ ವರ್ಷದ ಆಡಿಟ್ ಸಲೀಸಾಗಿ ಮುಗಿಯಿತು. ಸೀಲು ಬಿತ್ತು, ನಾನು ಬೀಗಿದೆ. ಆಮೇಲೆ ಲೇತ್ ವಿಭಾಗದ ಹುಡುಗನೊಬ್ಬ ಊಟದ ಬಿಡುವಿನಲ್ಲಿ ಬಂದು ವೋಚರ್ ಫೈಲು ಕೇಳಿದ. ಕೈಗೆ ಗ್ರೀಸ್ ಮೆತ್ತಿತ್ತು, ಒರೆಸಿಕೊಂಡು ಬಾ ಅಂದೆ. ಒರೆಸಿಕೊಂಡು ಬಂದು ಹಾಳೆ ತಿರುವುತ್ತಾ ಒಂದು ಕಡೆ ನಿಂತ. 'ಅಣ್ಣ, ಆವತ್ತು ಧರಣಿಗೆ ಎರಡು ಟೆಂಪೋ ಎಲ್ಲಿ ಹೋಗಿತ್ತು? ಒಂದರಲ್ಲೇ ತಾನೆ ನಾವೆಲ್ಲ ನಿಂತ್ಕೊಂಡು ಹೋಗಿದ್ದು?'

ನೋಡಿದರೆ ಹೌದು. ಟೆಂಪೋದವನು ಮೊದಲು ಬರೆದುಕೊಟ್ಟ ಚೀಟಿಯನ್ನೂ ಆಮೇಲೆ ಕೊಟ್ಟ ಬಿಲ್ಲನ್ನೂ ಎರಡನ್ನೂ ಅಂಟಿಸಿ, ಎರಡನ್ನೂ ಖರ್ಚು ಅಂತ ಬರೆದಿದ್ದೆ. ಕಾರ್ಯದರ್ಶಿ ಎರಡಕ್ಕೂ ಸಹಿ ಹಾಕಿದ್ದರು. ಆಡಿಟರ್ ಎರಡಕ್ಕೂ ಹಸಿರು ಟಿಕ್ ಹಾಕಿದ್ದರು. ಕೈಯಲ್ಲಿದ್ದ ನಗದು ಪುಸ್ತಕಕ್ಕಿಂತ ಜಾಸ್ತಿ ಇದ್ದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾಕೆಂದರೆ ಆ ಹಣ ನನ್ನ ಡ್ರಾಯರಿನಲ್ಲೇ ಒಂದು ಕವರಿನಲ್ಲಿ ಮಲಗಿತ್ತು. ಕಳ್ಳತನ ಅಲ್ಲ, ಸುಮ್ನೆ ದಡ್ಡತನ. ಆದರೆ ಕಳ್ಳತನವೇ ಆಗಿದ್ದರೂ ಆಡಿಟ್ ವರದಿ ಅಷ್ಟೇ ಚೆಂದ ಇರುತ್ತಿತ್ತು. ಟೆಂಪೋ ಎಷ್ಟು ಅನ್ನುವುದು ಅದರಲ್ಲಿ ನಿಂತು ಹೋದವನಿಗೆ ಮಾತ್ರ ಗೊತ್ತು.

ಇನ್ನೊಂದು ಕೇಳಿ. ಆಡಿಟ್ ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಬಂದೇ ಬರುತ್ತಾರೆ ಅಂದುಕೊಳ್ಳಬೇಡಿ. 1938ರ ಕೇಂದ್ರ ನಿಯಮಾವಳಿಯ ಪ್ರಕಾರ ಸದಸ್ಯರು 250 ದಾಟದ ಸಂಘದಲ್ಲಿ ಸಂಘದ ಇಬ್ಬರು ಸದಸ್ಯರೇ ಆಡಿಟ್ ಮಾಡಬಹುದಿತ್ತು. ಅಂದರೆ ಪಕ್ಕದ ಮಷೀನಿನವರು. ಅವರು ನೋಡಬಹುದಾದರೆ ನೀವು ಯಾಕೆ ನೋಡಬಾರದು?

ನೋಡುವಾಗ 'ಇತರೆ' ಅನ್ನುವ ಸಾಲಿನಿಂದ ಶುರು ಮಾಡಿ. ಟೀ, ವಡೆ, ಬ್ಯಾನರ್, ಜೆರಾಕ್ಸ್ ಎಲ್ಲಕ್ಕೂ ಹೆಸರಿದೆ. ಹೆಸರಿಲ್ಲದ ಖರ್ಚು ವಕೀಲರ ಫೀಸಿಗಿಂತ ದೊಡ್ಡದಾಗಿದ್ದರೆ ಒಂದೊಂದೇ ವೋಚರ್ ಕೇಳಿ. ಹಳೇ ಕಾಯ್ದೆಯಲ್ಲಿ ಸಂಘದ ವಾರ್ಷಿಕ ಲೆಕ್ಕ ಮುಗಿಯುತ್ತಿದ್ದದ್ದು ಡಿಸೆಂಬರ್ 31ಕ್ಕೆ, ಮಾರ್ಚಿಗಲ್ಲ. ಮಾರ್ಚಿನ ಬ್ಯಾಂಕ್ ಬಾಕಿ ಹಿಡಿದು ಜಗಳಕ್ಕೆ ನಿಂತು ಪೆಚ್ಚಾದವರನ್ನು ನೋಡಿದ್ದೇನೆ.

ಅಷ್ಟಾದರೂ ತೋರಿಸದಿದ್ದರೆ? ಬರವಣಿಗೆಯಲ್ಲಿ ಕೇಳಿ, ಹಿಂಬರಹ ಪಡೆಯಿರಿ. ಸಂಘವು ರಿಜಿಸ್ಟ್ರಾರ್‌ಗೆ ಪ್ರತಿ ವರ್ಷ ಆಡಿಟ್ ಆದ ಲೆಕ್ಕ ಕಳಿಸಬೇಕು. ರಿಜಿಸ್ಟ್ರಾರ್ ಸರ್ಕಾರಿ ಅಧಿಕಾರಿ, ಹಾಗಾಗಿ ಆ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಕಾರ್ಮಿಕ ಇಲಾಖೆಗೆ, ಬೆಂಗಳೂರಿನವರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. 'ಲೆಕ್ಕ ಕಳಿಸಿಲ್ಲ' ಅಂತ ಉತ್ತರ ಬಂದರೆ ಅದೂ ಒಂದು ಉತ್ತರವೇ. ಹಳೇ ಕಾಯ್ದೆಯಲ್ಲಿ ಅದಕ್ಕಿದ್ದ ದಂಡ ಐದು ರೂಪಾಯಿ! ಎಷ್ಟು ವಾರ ಎಳೆದರೂ ಒಟ್ಟು ಐವತ್ತು ದಾಟುತ್ತಿರಲಿಲ್ಲ. ಪದಾಧಿಕಾರಿಗಳು ಹೆದರುತ್ತಿದ್ದದ್ದು ನೋಂದಣಿ ರದ್ದಾಗುವುದಕ್ಕೆ.

ನೀವು ಕೇಳಲಿಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. ಚುನಾವಣೆ ಬಂದಾಗ ಸಂಬಳದ ದಿನ ಗೇಟಿನಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಾರಲ್ಲ, ಆ ದುಡ್ಡು ಬೇರೆ, ಚಂದಾ ಬೇರೆ. ಅಭ್ಯರ್ಥಿಯ ಪ್ರಚಾರದಂಥ ರಾಜಕೀಯ ಖರ್ಚನ್ನು ಸಾಮಾನ್ಯ ನಿಧಿಯಿಂದ ಮಾಡುವ ಹಾಗಿಲ್ಲ. ಅದಕ್ಕೆ ಪ್ರತ್ಯೇಕ ನಿಧಿ ಬೇಕು, ಪ್ರತ್ಯೇಕ ವಂತಿಗೆ ಬೇಕು. ಕೊಡಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಕೊಡದವನಿಗೆ ಸಂಘದ ಬೇರೆ ಯಾವ ಸೌಲಭ್ಯವೂ ತಪ್ಪಬಾರದು, ಆ ನಿಧಿಯ ಉಸ್ತುವಾರಿಯಲ್ಲಿ ಮಾತ್ರ ಪಾಲಿಲ್ಲ. 1926ರ ಕಾಯ್ದೆಯ 16ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿಯೇ ಇತ್ತು. ಹಾಗಾಗಿ ಪುಸ್ತಕ ಕೈಗೆ ಬಂದ ದಿನ ಚುನಾವಣೆ ತಿಂಗಳ ಪುಟವನ್ನೂ ತೆಗೆಯಿರಿ. ಅಲ್ಲೂ ಟೆಂಪೋ ಬಾಡಿಗೆ ಇರುತ್ತದೆ.