ಸಾವಯವ ಶುರು ಮಾಡುವುದಾದರೆ ಅಕ್ಕಿಯಿಂದ

ನನ್ನಲ್ಲಿ ಪಥ್ಯ ಕೇಳಲು ಬರುವವರಲ್ಲಿ ಸಾವಯವಕ್ಕೆ ಬದಲಾಗಲು ಹೊರಟವರು ಮೊದಲು ಕೊಳ್ಳುವುದು ಕ್ವಿನೋವಾ, ಚಿಯಾ ಬೀಜ, ಜೇನಿನ ಬಾಟಲಿ. ಎಂದೋ ಒಂದು ಚಮಚ ತಿನ್ನುವುದಕ್ಕೆ ಇಷ್ಟು ಖರ್ಚು ಮಾಡಿ, ದಿನಾ ಉಣ್ಣುವ ಕುಚ್ಚಲಕ್ಕಿ ಯಾವ ಗದ್ದೆಯದು ಎಂದು ಕೇಳುವುದೇ ಇಲ್ಲ. ಮನೆಯಲ್ಲಿ ಯಾವುದು ಜಾಸ್ತಿ ಖಾಲಿಯಾಗುತ್ತದೋ ಅದನ್ನೇ ಮೊದಲು ಬದಲಿಸಿ. ನಮ್ಮ ಕರಾವಳಿಯಲ್ಲಿ ಅದು ಅಕ್ಕಿ.

ಆಮೇಲೆ ತರಕಾರಿ. ಇಲ್ಲಿ ಎಲ್ಲವೂ ಒಂದೇ ಅಲ್ಲ. ಅಲಸಂಡೆಗೆ ಸಸ್ಯಹೇನಿನ ಕಾಟ ಹೆಚ್ಚು, ಹಾಗಾಗಿ ಮದ್ದೂ (ಕೀಟನಾಶಕ) ಹೆಚ್ಚು ಬೀಳಬಹುದು. ಅದನ್ನು ಸಿಪ್ಪೆ ತೆಗೆಯದೆಯೇ ತಿನ್ನುತ್ತೇವೆ. ತೊಂಡೆ, ಹರಿವೆ ಕೂಡ ಹಾಗೆಯೇ. ಚೆನ್ನಾಗಿ ತೊಳೆದರೆ ಮೇಲೆ ಅಂಟಿದ್ದು ಬಹಳಷ್ಟು ಹೋಗುತ್ತದೆ, ಗಿಡದ ರಸದೊಳಗೇ ಸೇರುವ ಕೀಟನಾಶಕ ಹೋಗುವುದಿಲ್ಲ. ದುಡ್ಡು ಖರ್ಚು ಮಾಡುವುದಾದರೆ ಇವುಗಳ ಮೇಲೆ ಮಾಡಿ. ಹಿತ್ತಲಿನ ಹಲಸು, ಜೀಗುಜ್ಜೆ, ಒಂದೆಲಗ, ಮಳೆಗಾಲದ ಕೆಸು ಇವಕ್ಕೆ ಸಾಮಾನ್ಯವಾಗಿ ಯಾರೂ ಮದ್ದು ಹೊಡೆಯುವುದಿಲ್ಲ. ಚೀಟಿ ಇಲ್ಲದ ಸಾವಯವ ಇದು, ಬೆಲೆಯೂ ಕಮ್ಮಿ.

ಪ್ಯಾಕೆಟ್ ಕೊಳ್ಳುವಾಗ ಎದುರಿನ ಹಸಿರು ಎಲೆಯ ಚಿತ್ರ ನೋಡಿ ಮರುಳಾಗಬೇಡಿ, ಹಿಂದೆ ತಿರುಗಿಸಿ. 2017ರ ನಿಯಮದ ನಂತರ ಸಾವಯವ ಎಂದು ಮಾರುವ ಪ್ಯಾಕೆಟ್‌ಗೆ ‘ಜೈವಿಕ್ ಭಾರತ್’ ಗುರುತು ಬೇಕಾಯಿತು. ಜೊತೆಗೆ ಹೊರಗಿನ ಸಂಸ್ಥೆ ತಪಾಸಣೆ ಮಾಡಿದ್ದಕ್ಕೆ ‘ಇಂಡಿಯಾ ಆರ್ಗಾನಿಕ್’ ಅಥವಾ ಬೆಳೆಗಾರರೇ ಗುಂಪಾಗಿ ಪರಸ್ಪರರ ಜಮೀನು ತಪಾಸಣೆ ಮಾಡಿದ್ದಕ್ಕೆ ‘ಪಿಜಿಎಸ್-ಇಂಡಿಯಾ’ ಗುರುತು ಇರುತ್ತದೆ. ‘ಪಿಜಿಎಸ್-ಗ್ರೀನ್’ ಎಂದಿದ್ದರೆ ಆ ಜಮೀನು ಇನ್ನೂ ಸಾವಯವಕ್ಕೆ ಬದಲಾಗುವ ಹಂತದಲ್ಲಿದೆ ಎಂದರ್ಥ. ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’ ಎಂಬುದಕ್ಕೆಲ್ಲ ಈ ತಪಾಸಣೆ ಇಲ್ಲ.

ಹಾಗೆಂದು ಗುರುತಿಲ್ಲದವರೆಲ್ಲ ಸುಳ್ಳರಲ್ಲ. ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರ ನೇರ ಗ್ರಾಹಕರಿಗೇ ಮಾರಿದರೆ ಪ್ರಮಾಣಪತ್ರ ಕಡ್ಡಾಯವಲ್ಲ. ಮಂಗಳೂರಿನ ಪಂಜೆ ಮಂಗೇಶ ರಾವ್ ರಸ್ತೆಯ ಭಾನುವಾರದ ಸಂತೆಯಂಥ ಕಡೆ ಪತ್ರಕ್ಕಿಂತ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. “ಮದ್ದು ಹಾಕ್ತೀರಾ?” ಎಂದು ಕೇಳಿದರೆ “ಇಲ್ಲ” ಎನ್ನದವರು ಯಾರು! “ಹೇನು ಬಂದರೆ ಏನು ಮಾಡ್ತೀರಿ?” ಎಂದು ಕೇಳಿ. ಬೆಳೆದವನಾದರೆ ಬೇವಿನೆಣ್ಣೆ, ಗೋಮೂತ್ರ, ಬೂದಿ ಎಂದು ಸಲೀಸಾಗಿ ಹೇಳುತ್ತಾನೆ. ಮಾರುಕಟ್ಟೆಯಿಂದ ತಂದು ಮಾರುವವನು ತಡವರಿಸುತ್ತಾನೆ. ಅಡಿಕೆ ತೋಟದ ಕಾಳುಮೆಣಸಿನವರು “ಬೋರ್ಡೋ ಹೊಡೀತೇವೆ” ಎಂದರೆ ಗಾಬರಿ ಬೇಡ. ಮೈಲುತುತ್ತು-ಸುಣ್ಣದ ಆ ದ್ರಾವಣಕ್ಕೆ ಸಾವಯವ ಮಾನದಂಡದಲ್ಲೂ ಮಿತಿಯೊಳಗೆ ಅವಕಾಶ ಉಂಟು.

“ಸಾವಯವ ಬೆಲ್ಲ ಆದರೆ ಶುಗರ್‌ನವರು ತಿನ್ನಬಹುದಲ್ವಾ ಮೇಡಂ?” ಇದು ನನಗೆ ಪದೇ ಪದೇ ಎದುರಾಗುವ ಪ್ರಶ್ನೆ. ಇಲ್ಲ. ಸಾವಯವದಿಂದ ಮುಖ್ಯವಾಗಿ ಕಮ್ಮಿಯಾಗುವುದು ಕೀಟನಾಶಕದ ಉಳಿಕೆ; ಬೆಲ್ಲದೊಳಗಿನ ಸಕ್ಕರೆ ಅಷ್ಟೇ ಇರುತ್ತದೆ. ಸಾವಯವ ಚಿಪ್ಸ್ ಕೂಡ ಎಣ್ಣೆಯಲ್ಲಿ ಕರಿದದ್ದೇ.

ಅಕ್ಕಿಗೆ ಮರಳಿದರೆ, ಒಮ್ಮೆಲೇ 25 ಕಿಲೋ ಮೂಟೆ ತರಬೇಡಿ. ತವುಡು ಉಳಿದ ಕೆಂಪಕ್ಕಿ ನಮ್ಮ ಮಳೆಗಾಲದ ತೇವಕ್ಕೆ ಬೇಗ ಕಮಟು ಹಿಡಿಯುತ್ತದೆ, ಹುಳವೂ ಬೀಳುತ್ತದೆ. ಐದು ಕಿಲೋ ತಂದು, ಬಿಸಿಲು ಸಿಕ್ಕಾಗ ಡಬ್ಬ ಒಣಗಿಸಿ, ಒಂದು ಹಿಡಿ ಒಣ ಬೇವಿನೆಲೆ ಹಾಕಿಟ್ಟು ಬಾಯಿ ಬಿಗಿ ಮುಚ್ಚಿಡಿ. ಮನೆಯವರಿಗೆ ಅನ್ನ ಒಗ್ಗಿತು ಎಂದಾದರೆ ಅದೇ ಗದ್ದೆಯವರಿಗೆ ಮುಂದಿನ ಕೊಯ್ಲಿಗೆ ಮೊದಲೇ ಹೇಳಿಟ್ಟು, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಮಿಲ್ ಮಾಡಿಸಿ ಕೊಡುತ್ತಾರೋ ಕೇಳಿ.