ಅಪ್ಪ ಜೊತೆಗಿಲ್ಲದ ಹುಡುಗನಿಗೆ ‘ನಾನು ಗಂಡು’ ಅನ್ನುವ ಅರಿವು ಬರುವುದಿಲ್ಲವೇ?

ಪ್ರಶ್ನೆ: ನಾಲ್ಕು ವರ್ಷದ ಮಗನನ್ನು ಒಬ್ಬಳೇ ಬೆಳೆಸುತ್ತಿದ್ದೇನೆ. ಗಂಡು ಮಗು ಅಪ್ಪನ ಮೂಲಕವೇ ಗಂಡಾಗುತ್ತದೆ ಅಂತ ಫ್ರಾಯ್ಡ್ ಹೇಳಿದ್ದಾರಂತೆ. ನನ್ನ ಮಗನಿಗೆ ಏನಾದರೂ ಕೊರತೆ ಆಗುತ್ತದಾ?

ಇಲ್ಲ, ಆಗುವುದಿಲ್ಲ. ಫ್ರಾಯ್ಡ್ ಅವರ ಈ ಒಂದು ಮಾತು ಎಷ್ಟೋ ತಾಯಂದಿರನ್ನು ಸುಮ್ನೆ ಹೆದರಿಸಿದೆ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಫ್ರಾಯ್ಡ್ ಅಂದರೆ ಮನೋವಿಶ್ಲೇಷಣೆಯನ್ನು, ಅಂದರೆ ಮನಸ್ಸಿನ ಆಳದಲ್ಲಿ ಅಡಗಿದ ಆಸೆ, ಭಯಗಳನ್ನು ಹುಡುಕುವ ಪದ್ಧತಿಯನ್ನು, ಹುಟ್ಟುಹಾಕಿದ ವೈದ್ಯರು. ಅವರು ಹೇಳಿದ್ದು ಹೀಗೆ. ಸುಮಾರು ಮೂರರಿಂದ ಆರು ವರ್ಷದ ನಡುವೆ ಹುಡುಗನಿಗೆ ಅಮ್ಮ ಪೂರ್ತಿ ತನಗೇ ಬೇಕು ಅನ್ನಿಸುತ್ತದೆ, ಅಪ್ಪ ಅಡ್ಡ ನಿಂತವನ ಹಾಗೆ ಕಾಣುತ್ತಾನೆ. ಇದಕ್ಕೆ ಶಿಕ್ಷೆಯಾಗಿ ಅಪ್ಪ ತನ್ನ ಶಿಶ್ನವನ್ನೇ ಕತ್ತರಿಸಿಬಿಟ್ಟರೆ ಅನ್ನುವ ಭಯ ಒಳಗೆ ಹುಟ್ಟುತ್ತದೆ. ಆ ಭಯದಿಂದ ಪಾರಾಗಲು ಅವನು ಆಸೆಯನ್ನು ಅದುಮಿಟ್ಟು ‘ನಾನೂ ಅಪ್ಪನ ಹಾಗೆ ಆಗ್ತೀನಿ’ ಅಂದುಕೊಳ್ಳುತ್ತಾನೆ, ಗಂಡುತನ ಗಟ್ಟಿಯಾಗುವುದು ಅಲ್ಲಿಂದ. ಈಡಿಪಸ್ ಕಾಂಪ್ಲೆಕ್ಸ್ ಅಂದರೆ ಇದೇ.

ಇದಕ್ಕೆ ಅವರು 1909ರಲ್ಲಿ ಮುಂದಿಟ್ಟ ದೊಡ್ಡ ಸಾಕ್ಷಿ ‘ಪುಟ್ಟ ಹಾನ್ಸ್’, ಕುದುರೆ ಕಚ್ಚುತ್ತದೆ ಅಂತ ಹೆದರುತ್ತಿದ್ದ ಐದು ವರ್ಷದ ಹುಡುಗ. ಅವನಿಗೆ ಕುದುರೆ ಅಂದರೆ ಅಪ್ಪ ಅಂತ ಫ್ರಾಯ್ಡ್ ಅರ್ಥ ಹಚ್ಚಿದರು. ಆದರೆ ವಿವರಗಳನ್ನು ಬರೆದು ಕಳಿಸಿದ್ದು ಹುಡುಗನ ಅಪ್ಪನೇ, ಅವರು ಫ್ರಾಯ್ಡ್ ವಿಚಾರಗಳನ್ನು ಮೊದಲೇ ಒಪ್ಪಿದ್ದವರು. ಚಿಕಿತ್ಸೆಯ ಹೊತ್ತಿನಲ್ಲಿ ಫ್ರಾಯ್ಡ್ ಆ ಮಗುವಿನ ಜೊತೆ ಕೂತು ಮಾತಾಡಿದ್ದು ಒಂದೇ ಸಲ. ಆ ಮಗು ಗಾಡಿ ಎಳೆಯುವ ಕುದುರೆ ಬಿದ್ದು ಒದ್ದಾಡಿದ್ದನ್ನು ಕಣ್ಣಾರೆ ಕಂಡಿತ್ತು. ಹೆದರಲು ಅಷ್ಟೇ ಸಾಕಲ್ವಾ?

ಹುಡುಗಿಯರ ವಿಷಯದಲ್ಲಂತೂ ಅವರ ವಿವರಣೆ ಇನ್ನೂ ದುರ್ಬಲ. ತನಗೆ ಶಿಶ್ನ ಇಲ್ಲ ಅನ್ನುವ ಅಸೂಯೆಯಿಂದ ಹೆಣ್ಣುತನ ಶುರುವಾಗುತ್ತದೆ ಅಂದರು. ಮನೋವಿಶ್ಲೇಷಕಿ ಕರೆನ್ ಹಾರ್ನಿ 1926ರಲ್ಲೇ ಇದನ್ನು ಎದುರಿಸಿ, ಇದು ಗಂಡಸಿನ ಕಣ್ಣಿಂದ ನೋಡಿದ ಹೆಣ್ಣು, ಬಸಿರು ಹೊರುವ ಶಕ್ತಿಯ ಬಗ್ಗೆ ಗಂಡಸರಿಗೂ ಅಸೂಯೆ ಇದೆ ಎಂದರು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ. ಎರಡು, ಮೂರು ವರ್ಷಕ್ಕೇ ಹೆಚ್ಚಿನ ಮಕ್ಕಳು ತಾವು ಹುಡುಗನೋ ಹುಡುಗಿಯೋ ಹೇಳುತ್ತಾರೆ, ಅಂದರೆ ಫ್ರಾಯ್ಡ್ ಹೇಳಿದ ನಾಟಕ ಮುಗಿಯುವ ಮುಂಚೆಯೇ. ಮನೋವಿಶ್ಲೇಷಕರೇ ಆದ ರಾಬರ್ಟ್ ಸ್ಟಾಲರ್ 1960ರ ದಶಕದಲ್ಲಿ ಇದನ್ನು ಒಪ್ಪಿ, ಈ ಅರಿವಿನ ತಿರುಳು ಮೊದಲ ಎರಡು, ಮೂರು ವರ್ಷಗಳಲ್ಲೇ ಕೂಡಿಕೊಳ್ಳುತ್ತದೆ ಅಂದರು. ಆದರೆ ಗಂಡಾಗಿ ಹುಟ್ಟಿದ ಮಗು ತನ್ನನ್ನು ಹೆಣ್ಣೆಂದುಕೊಂಡರೆ ಅದಕ್ಕೆ ತಾಯಿಯ ಅತಿಯಾದ ಅಂಟು ಮತ್ತು ಅಪ್ಪನ ಗೈರು ಕಾರಣ ಅಂತಲೂ ಬರೆದರು. ಈ ಮಾತಿಗೆ ಗಟ್ಟಿ ಆಧಾರ ಸಿಗಲಿಲ್ಲ, ತಪ್ಪು ಮಾತ್ರ ತಾಯಂದಿರ ತಲೆಗೆ ಬಂತು. ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

ಇನ್ನು ನಿಮ್ಮ ಮನೆಯಂಥ ಮನೆಗಳ ಬಗ್ಗೆ. 1983ರಲ್ಲಿ ಮನಶ್ಶಾಸ್ತ್ರಜ್ಞೆ ಸೂಸನ್ ಗೋಲೊಂಬೊಕ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಒಂಟಿ ತಾಯಂದಿರ ಮಕ್ಕಳನ್ನೂ ಲೆಸ್ಬಿಯನ್ ತಾಯಂದಿರ ಮಕ್ಕಳನ್ನೂ ಹೋಲಿಸಿ ನೋಡಿದರು. ಎರಡೂ ಕಡೆ ಅಪ್ಪ ಮನೆಯಲ್ಲಿಲ್ಲ. ತಾನು ಗಂಡೋ ಹೆಣ್ಣೋ ಅನ್ನುವ ಗೊಂದಲ ಎರಡೂ ಕಡೆ ಕಾಣಲಿಲ್ಲ.

ಹಾಗಂತ ಫ್ರಾಯ್ಡ್ ಹೇಳಿದ್ದೆಲ್ಲ ಸುಳ್ಳು ಅಂತ ಅಲ್ಲ. ಮಗು ತಾನು ಪ್ರೀತಿಸುವವರನ್ನು ತನ್ನೊಳಗೆ ಇಳಿಸಿಕೊಂಡು ಬೆಳೆಯುತ್ತದೆ ಅನ್ನುವ ಮಾತು ಇವತ್ತಿಗೂ ಬೆಲೆಯುಳ್ಳದ್ದು. ಆ ಪ್ರೀತಿಪಾತ್ರರು ಅಪ್ಪನೇ ಆಗಿರಬೇಕಿಲ್ಲ, ನೀವೂ ಆಗಬಹುದು.

ನಿಮ್ಮ ಮಗ ಒಂದು ದಿನ ‘ದೊಡ್ಡವನಾದ ಮೇಲೆ ನಾನು ಅಮ್ಮ ಆಗ್ತೀನಿ’ ಅಂದರೆ ಗಾಬರಿಯಾಗಬೇಡಿ. ಬಟ್ಟೆ, ಆಟ ಬದಲಾದರೂ ಗಂಡು ಗಂಡಾಗಿಯೇ ಇರುತ್ತಾನೆ ಅನ್ನುವ ಲೆಕ್ಕ ಹೆಚ್ಚಿನ ಮಕ್ಕಳಿಗೆ ಹತ್ತುವುದು ಐದರಿಂದ ಏಳು ವರ್ಷದ ಹೊತ್ತಿಗೆ. ಅವನಿಗೆ ಇನ್ನೂ ನಾಲ್ಕು, ಮತ್ತು ಅವನಿಗೆ ಗೊತ್ತಿರುವವರಲ್ಲಿ ಅತಿ ಇಷ್ಟವಾದವರು ನೀವು.